ಹಂಗಾಮು ಬೇರೆ, ಹಂಗಾಮಿ ಬೇರೆ

ಮಹಾರಾಷ್ಟ್ರದ ಸಾತಾರಾ ಬಳಿಯ ಹೂವಿನ ಬಯಲು, ಕಾಸ್ ಪಠಾರದಲ್ಲಿ ಹೂವು ಕಣ್ಣಿಗೆ ಬೀಳುವ ಮೊದಲೇ ಸೀಟಿ ಕಿವಿಗೆ ಬೀಳುತ್ತದೆ. ಹಗ್ಗ ದಾಟಿ ಒಂದು ಹೆಜ್ಜೆ ಒಳಗಿಟ್ಟರೆ ಸಾಕು, ಮಂಜಿನೊಳಗಿಂದ ಒಂದು ಸೀಟಿ, ಹಿಂದೆಯೇ "ಓ ದಾದಾ, ಬಾಹೇರ್ ಯಾ", ಅಣ್ಣಾ ಹೊರಗೆ ಬನ್ನಿ ಅಂತ ಕೂಗು. ಹೋದ ಸೆಪ್ಟೆಂಬರಿನಲ್ಲಿ ಪುಣೆಯಿಂದ ನಾವು ಹದಿಮೂರು ಜನ ಕನ್ನಡದವರು ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋಗಿದ್ದೆವು. ಕೋಥ್ರೂಡಿನವರು, ವಾಕಡ್‌ನವರು, ಜೊತೆಗೆ ಎಲ್ಲಿಗೆ ಹೊರಟರೂ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುವ ನಮ್ಮ ಧಾರವಾಡದ ಕಾಕೂ. ಫೋಟೋಗೆ ಅಂತ ಕಾಕೂ ಹಗ್ಗದಾಚೆ ಕಾಲಿಟ್ಟರು. ಸೀಟಿ ಬಂತು. "ಒಂದೆರಡು ಹೂವು ತುಳದ್ರ ಆಕಿ ಗಂಟೇನ್ ಹೋಗ್ತದ?" ಅಂತ ಗೊಣಗಿದರು.

ಸೀಟಿ ಊದಿದ ಹುಡುಗಿಗೆ ಇಪ್ಪತ್ತೋ ಇಪ್ಪತ್ತೆರಡೋ ಇರಬಹುದು. ಬೈಯಲಿಲ್ಲ. ಕಾಕೂ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕಲ್ಲಿನ ಮೇಲೆ ನೀರು ನಿಂತ ಜಾಗದಲ್ಲಿದ್ದ ಒಂದು ಸಣ್ಣ ನೇರಳೆ ಹೂವು ತೋರಿಸಿದಳು. ಇದರ ಹೆಸರು ಸೀತೇಚೀ ಆಸವೇ, ಸೀತೆಯ ಕಣ್ಣೀರು. ನೋಡಲು ಪಾಪದ್ದು, ಆದರೆ ಹುಳ ತಿನ್ನುವ ಗಿಡ. ಕೆಳಗೆ ಸಾಸಿವೆಗಿಂತ ಸಣ್ಣ ಚೀಲಗಳಿವೆ, ಅದರೊಳಗೆ ಎಳೆದುಕೊಳ್ಳುತ್ತದೆ, ಇಲ್ಲಿಯ ಮಣ್ಣಿನಲ್ಲಿ ಸತ್ವ ಇಲ್ಲವಲ್ಲ, ಅದಕ್ಕೆ. ಮರಾಠಿಯಲ್ಲೇ ಹೇಳಿದಳು, ಕಾಕೂಗೆ ಪೂರ್ತಿ ಅರ್ಥವಾಯಿತು. ಮುಂದಿನ ಒಂದು ಗಂಟೆ ಕಾಕೂ ನಮ್ಮನ್ನೆಲ್ಲ ಬಿಟ್ಟು ಆ ಹುಡುಗಿಯ ಹಿಂದೆಯೇ.

ಹೊರಡುವಾಗ ಕೇಳಿದೆ, ಸೀಸನ್ ಮುಗಿದ ಮೇಲೆ ಏನಮ್ಮಾ ಕೆಲಸ ಅಂತ. ನಕ್ಕಳು. "ಕಾಯ್ ನಾಹೀ. ಹಂಗಾಮೀ ಆಹೇ ನಾ." ಏನೂ ಇಲ್ಲ, ಹಂಗಾಮಿ ಅಲ್ವಾ ಅಂತ.

ಹಂಗಾಮಿ. ಈ ಪದ ನಮ್ಮಲ್ಲೂ ಇದೆ. ಹಂಗಾಮಿ ಸ್ಪೀಕರ್, ಹಂಗಾಮಿ ಕುಲಪತಿ, ಹಂಗಾಮಿ ನೌಕರ. ಕಾಯಂ ಅಲ್ಲದವರು, ಇವತ್ತಿದ್ದು ನಾಳೆ ಹೋಗುವವರು ಅಂತ ಅರ್ಥ. ಆದರೆ ಬೆಳಗಾವಿ, ವಿಜಯಪುರದ ಕಡೆಯ ರೈತರನ್ನು ಕೇಳಿ ನೋಡಿ. ಹಂಗಾಮು ಅಂದರೆ ಅವರಿಗೆ ಬಿತ್ತುವ, ಬೆಳೆಯುವ ಕಾಲ. ಮುಂಗಾರಿ ಹಂಗಾಮು, ಹಿಂಗಾರಿ ಹಂಗಾಮು, ಕಬ್ಬು ಅರೆಯುವ ಹಂಗಾಮು. ಅದು ಪ್ರತಿ ವರ್ಷ ತಿರುಗಿ ಬರುತ್ತದೆ. ಹಳ್ಳಿಯಲ್ಲಿ ಅದಕ್ಕಿಂತ ಖಾತ್ರಿಯಾದದ್ದು ಇನ್ನೊಂದಿಲ್ಲ. ಹಾಗಿದ್ದ ಮೇಲೆ, ವರ್ಷ ವರ್ಷವೂ ತಪ್ಪದೆ ಬರುವ ಕೆಲಸವನ್ನು ಮಾಡುವವರು ಅದು ಹೇಗೆ ತಾತ್ಕಾಲಿಕ ಆಗಿಬಿಟ್ಟರು? ಬೆಟ್ಟ ಕಾಯುವವರ ಕಷ್ಟವೆಲ್ಲ ಈ ಎರಡು ಪದಗಳ ನಡುವೆಯೇ ಸಿಕ್ಕಿಕೊಂಡಿದೆ ಅಂತ ನನಗೆ ಅವತ್ತಿನಿಂದ ಅನ್ನಿಸುತ್ತಿದೆ.

ಕಾಸ್ ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಸಾತಾರಾ ಊರಿನಿಂದ ಸುಮಾರು 25 ಕಿಲೋಮೀಟರ್. ಸಮುದ್ರಮಟ್ಟದಿಂದ ಸುಮಾರು 1200 ಮೀಟರ್ ಎತ್ತರ, ಸುಮಾರು 10 ಚದರ ಕಿಲೋಮೀಟರ್ ಅಗಲದ ಚಪ್ಪಟೆ ನೆತ್ತಿ. ಅಡಿಯಲ್ಲಿ ಕರಿಕಲ್ಲು, ಅದರ ಮೇಲೆ ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ಮುರಕಲ್ಲು, ಅದರ ಮೇಲೆ ಚಾದರದಷ್ಟು ತೆಳು ಮಣ್ಣು. ಆ ಮಣ್ಣಿನಲ್ಲಿ ಮರ ಏಳುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳಲ್ಲೇ ಮೊಳಕೆ, ಹೂವು, ಕಾಯಿ, ಬೀಜ ಎಲ್ಲವನ್ನೂ ಮುಗಿಸಿಕೊಳ್ಳುವ ಪುಟ್ಟ ಗಿಡಗಳದ್ದೇ ರಾಜ್ಯ. ಹೂ ಬಿಡುವ ಗಿಡಗಳೇ ಸುಮಾರು 850 ಜಾತಿ ಅಂತ ಲೆಕ್ಕ. ಸಾತಾರಾದ ಹೆಸರನ್ನೇ ಹೊತ್ತ ಅಪೋನೋಜೆಟಾನ್ ಸತಾರೆನ್ಸಿಸ್ ಅನ್ನುವ ನೀರುಗಿಡ ಇಂಥ ಕೆಲವೇ ಬಯಲುಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 7 ವರ್ಷಕ್ಕೊಮ್ಮೆ ಒಟ್ಟಿಗೆ ಅರಳುವ ಟೋಪಲಿ ಕಾರ್ವಿ ಇದೆ, ನಮ್ಮ ನೀಲಕುರಿಂಜಿಯ ಬಳಗದ್ದೇ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಅದರಲ್ಲಿ ಕರ್ನಾಟಕದ್ದು 10, ಮಹಾರಾಷ್ಟ್ರದ್ದು 4. ಆ 4ರಲ್ಲಿ ಕಾಸ್ ಒಂದು.

ಪಟ್ಟಿಗೆ ಸೇರಿದ ಮೇಲೆ ಜನ ನುಗ್ಗಿದರು. ಅದನ್ನು ತಡೆಯಲು ದಿನಕ್ಕೆ 3000 ಜನ ಅಂತ ಮಿತಿ ಹಾಕಿದರು, ಆನ್‌ಲೈನ್ ಬುಕಿಂಗ್ ಬಂತು, ಟಿಕೆಟ್ ಬಂತು. ಇದನ್ನೆಲ್ಲ ನಡೆಸುವುದು ಕಾಸ್, ಏಕೀವ್, ಆಟಾಳಿ, ಕಾಸಾಣಿಯಂಥ ಸುತ್ತಲ ಹಳ್ಳಿಗಳ ಸಂಯುಕ್ತ ವನ ವ್ಯವಸ್ಥಾಪನ ಸಮಿತಿ. ಅರಣ್ಯ ಇಲಾಖೆ ಮತ್ತು ಹಳ್ಳಿಯವರು ಸೇರಿ ಕಾಡು ನೋಡಿಕೊಳ್ಳಬೇಕು ಅಂತ 1990ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಸುತ್ತೋಲೆಯಿಂದ ಹುಟ್ಟಿದ ಪದ್ಧತಿ ಇದು. ನಮ್ಮ ಕರ್ನಾಟಕದಲ್ಲಿ ಗ್ರಾಮ ಅರಣ್ಯ ಸಮಿತಿ ಅನ್ನುತ್ತೇವೆ. ಪಾರ್ಕಿಂಗ್, ಟಿಕೆಟ್, ಗೈಡ್, ಕಾವಲು, ಕಸ ಆರಿಸುವುದು, ಎಲ್ಲಕ್ಕೂ ಅದೇ ಹಳ್ಳಿಗಳ ಹುಡುಗ ಹುಡುಗಿಯರು. ಟಿಕೆಟಿನ ದುಡ್ಡಿನಲ್ಲೇ ಅವರ ಸಂಬಳ. ನಿಜ ಹೇಳಬೇಕೆಂದರೆ ದೇಶದಲ್ಲಿ ಇಷ್ಟು ಚೆನ್ನಾಗಿ ನಡೆಯುವ ಏರ್ಪಾಡುಗಳು ಕಡಿಮೆ. ಎರಡು ವರ್ಷದ ಹಿಂದೆ ಕುಮಾರಪರ್ವತದಲ್ಲಿ ಏನಾಯಿತು ನೆನಪಿದೆಯಾ? 2024ರ ಗಣರಾಜ್ಯೋತ್ಸವದ ವಾರಾಂತ್ಯಕ್ಕೆ ಒಂದೇ ದಾರಿಯಲ್ಲಿ ಸಾವಿರಾರು ಜನ, ಆಮೇಲೆ ಸರ್ಕಾರ ಚಾರಣವನ್ನೇ ನಿಲ್ಲಿಸಿ ಆನ್‌ಲೈನ್ ಬುಕಿಂಗ್ ದಾರಿ ಹಿಡಿಯಿತು. ಕಾಸ್ ಆ ಪಾಠವನ್ನು ಮೊದಲೇ ಕಲಿತಿತ್ತು.

ಆದರೆ ಒಂದು ಕಡೆ ಲೆಕ್ಕ ತಪ್ಪುತ್ತದೆ. ಸಂಬಳ ಟಿಕೆಟಿನಿಂದ ಬರುವುದಾದರೆ ಸಂಬಳದ ತಿಂಗಳುಗಳೂ ಟಿಕೆಟಿನ ತಿಂಗಳುಗಳೇ ಆಗುತ್ತವೆ. ಆಗಸ್ಟ್ ಕೊನೆಗೆ ಶುರು, ಅಕ್ಟೋಬರಿಗೆ ಮುಗೀತು. ಅದು ನೋಡುವವರ ಹಂಗಾಮು. ಗಿಡದ ಹಂಗಾಮು ಬೇರೆಯೇ ಇದೆ.

ಜೂನ್ ತಗೊಳ್ಳಿ. ಮೊದಲ ಮಳೆ ಬಿದ್ದು ತೆಳು ಮಣ್ಣು ನೆನೆದು ಮೊಳಕೆಗಳು ಏಳುವ ಹೊತ್ತು. ಕಣ್ಣಿಗೆ ಏನೂ ಕಾಣಲ್ಲ, ಬರೀ ಕೆಸರು, ಕಲ್ಲು, ಮೋಡ. ಆ ಮೋಡ ನೋಡಲಿಕ್ಕೇ ಪುಣೆ, ಮುಂಬೈಯಿಂದ ಬೈಕುಗಳು ಬರುತ್ತವೆ. ಅಲ್ಲೇನಿದೆ ತುಳಿಯಲು, ಬರೀ ಕಲ್ಲಲ್ವಾ ಅಂದುಕೊಂಡು ಎಲ್ಲೆಂದರಲ್ಲಿ ಓಡಾಡುತ್ತಾರೆ. ಒಂದು ಶೂ ಗುರುತಿನ ಕೆಳಗೆ ಎಷ್ಟು ಮೊಳಕೆ ಹೋಯಿತು ಅಂತ ಸೆಪ್ಟೆಂಬರಿನಲ್ಲಿ ಯಾರಿಗೂ ಗೊತ್ತಾಗಲ್ಲ, ಅಲ್ಲಿ ಹೂವು ಇರುವುದಿಲ್ಲ ಅಷ್ಟೇ. ಇನ್ನು ಅಕ್ಟೋಬರ್ ಕೊನೆ, ನವೆಂಬರ್. ಹೂವು ಒಣಗಿ ಬೀಜ ಉದುರುವ ಕಾಲ. ಮುಂದಿನ ವರ್ಷದ ಹೂವು ನೆಲ ಸೇರುವುದು ಆವಾಗ. ಡಿಸೆಂಬರ್ ಹೊತ್ತಿಗೆ ಹುಲ್ಲು ಪೂರ್ತಿ ಒಣಗಿ ಚಿನ್ನದ ಬಣ್ಣಕ್ಕೆ ತಿರುಗಿರುತ್ತದೆ, ಅಲ್ಲಿಂದ ಮುಂದೆ ಮೇ ತನಕ ಒಂದು ಬೀಡಿ ತುಂಡು ಸಾಕು. ಅಂದರೆ ಬೆಟ್ಟಕ್ಕೆ ಕಾವಲು ಜಾಸ್ತಿ ಬೇಕಾದ ತಿಂಗಳುಗಳಲ್ಲಿ ಸೀಟಿ ಮನೆಯಲ್ಲಿ ಮೊಳೆಗೆ ತೂಗುಹಾಕಿರುತ್ತದೆ.

ಕಾವಲಿನ ಜೊತೆ ಹೋಗುವುದು ತಿಳಿವಳಿಕೆ. ಜನ ಒಳಗೆ ನುಗ್ಗಬಾರದು ಅಂತ ಕಾಸ್‌ಗೆ ಒಂದು ಕಾಲದಲ್ಲಿ ಬೇಲಿ ಹಾಕಿದ್ದರು. ಜನ ನಿಂತರು, ದನವೂ ನಿಂತಿತು. ದನ ಮೇಯದೆ ಹುಲ್ಲು ಎತ್ತರ ಬೆಳೆದು ಪುಟ್ಟ ಗಿಡಗಳನ್ನು ಮುಚ್ಚುತ್ತಿದೆ, ಸಗಣಿ ಗೊಬ್ಬರವೂ ಇಲ್ಲ, ಹೂವು ಕಡಿಮೆಯಾಗುತ್ತಿದೆ ಅಂತ ಹಳ್ಳಿಯವರು ಹೇಳುತ್ತಲೇ ಬಂದರು. ಕೊನೆಗೆ ಬೇಲಿ ತೆಗೆದರು. ಸಸ್ಯಶಾಸ್ತ್ರ ಬಲ್ಲವರಲ್ಲಿ ಈ ಬಗ್ಗೆ ಎರಡು ಮಾತಿದೆ, ಅದು ಇರಲಿ. ನಾನು ಹೇಳುವುದು ಇಷ್ಟೇ: ಯಾವ ವರ್ಷ ಯಾವ ಮೂಲೆಯಲ್ಲಿ ಹುಲ್ಲು ಎಷ್ಟು ಎತ್ತರ ಬಂತು ಅನ್ನುವುದು ವರ್ಷಾನುಗಟ್ಟಲೆ ಅಲ್ಲೇ ನಡೆದಾಡಿದವರ ಕಣ್ಣಿಗೆ ಮಾತ್ರ ಕಾಣುತ್ತದೆ. ಅಂಥ ಹುಡುಗ ಅಕ್ಟೋಬರಿನಲ್ಲಿ ಕೆಲಸ ಬಿಟ್ಟು, ನವೆಂಬರಿನಲ್ಲಿ ನವಿ ಮುಂಬೈಗೋ ಪುಣೆಗೋ ಹೋಗಿ, ಅಲ್ಲಿ ಡೆಲಿವರಿ ಕೆಲಸ ಹಿಡಿದು ಮುಂದಿನ ವರ್ಷ ಬರದೇ ಇದ್ದರೆ ಆ ಕಣ್ಣೂ ಹೋಯಿತು. ಹೊಸಬನಿಗೆ ಸೀಟಿ ಕೊಡಬಹುದು. ಕಾಕೂ ಪಕ್ಕ ಕೂತು ಸೀತೆಯ ಕಣ್ಣೀರಿನ ಕತೆ ಹೇಳುವುದನ್ನು ಕೊಡಲಾಗಲ್ಲ.

ಬೆಂಕಿಯ ಮಾತಿಗೆ ಬರುತ್ತೇನೆ, ಯಾಕಂದರೆ ಹಂಗಾಮಿ ಅನ್ನುವ ಪದ ಜೀವಕ್ಕೆ ಎರವಾಗುವುದು ಅಲ್ಲಿ. ಬೇಸಿಗೆ ಬಂದಾಗ ಹಲವು ರಾಜ್ಯಗಳ ಅರಣ್ಯ ಇಲಾಖೆಗಳು ಕೆಲವು ತಿಂಗಳ ಮಟ್ಟಿಗೆ ಫೈರ್ ವಾಚರ್‌ಗಳನ್ನು ದಿನಗೂಲಿಗೆ ತೆಗೆದುಕೊಳ್ಳುತ್ತವೆ. ಬೆಂಕಿ ಬೀಳುವ ಮೊದಲು ಹುಲ್ಲು ಕೆತ್ತಿ, ಸುಟ್ಟು, ಬೆಂಕಿ ದಾಟದಂಥ ಖಾಲಿ ಪಟ್ಟಿ, ಅಂದರೆ ಬೆಂಕಿ ರೇಖೆ ಮಾಡಬೇಕು. ಬಿದ್ದ ಮೇಲೆ ಆರಿಸಬೇಕು. ಈಗ ಉಪಗ್ರಹ ಇದೆ, ನಿಜ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯವರು ಉಪಗ್ರಹದಲ್ಲಿ ಬಿಸಿ ಕಂಡ ಕೂಡಲೇ ಅಲ್ಲಿಯ ಸಿಬ್ಬಂದಿಯ ಮೊಬೈಲಿಗೆ ಸಂದೇಶ ಕಳಿಸುತ್ತಾರೆ. ಆದರೆ ಉಪಗ್ರಹ ಬೆಂಕಿ ಆರಿಸಲ್ಲ. ಈಗೀಗ ಗಾಳಿ ಊದುವ ಬ್ಲೋವರ್ ಬಂದಿದೆ, ಅದಿಲ್ಲದ ಕಡೆ ಇವತ್ತಿಗೂ ಹಸಿ ಸೊಪ್ಪಿನ ಕೊಂಬೆ ಮುರಿದು ಬಡಿಯುವುದೇ. 2023ರ ಮಾರ್ಚ್‌ನಲ್ಲಿ ಗೋವಾದ ಮ್ಹಾದೆಯಿ ಅಭಯಾರಣ್ಯಕ್ಕೆ ಬೆಂಕಿ ಬಿದ್ದಾಗ ವಾಯುಪಡೆ, ನೌಕಾಪಡೆಯ ಹೆಲಿಕಾಪ್ಟರುಗಳು ನೀರು ಸುರಿಯುವ ವಿಡಿಯೋ ನಾವೆಲ್ಲ ನೋಡಿದೆವು. ಕೆಳಗೆ ಕಡಿದಾದ ಇಳಿಜಾರಿನಲ್ಲಿ ಸೊಪ್ಪು ಹಿಡಿದು ನಡೆದವರ ವಿಡಿಯೋ ಅಷ್ಟಾಗಿ ಓಡಲಿಲ್ಲ.

2021ರ ಏಪ್ರಿಲ್‌ನಲ್ಲಿ ಗೋಂದಿಯಾ ಕಡೆಯ ನಾಗಝಿರಾ ಕಾಡಿನಲ್ಲಿ ಬೆಂಕಿ ಆರಿಸಲು ಹೋದ ಮೂವರು ವನಮಜೂರರು ಸತ್ತರು. ವನಮಜೂರ ಅಂದರೆ ಕಾಡಿನ ಕೂಲಿ. ನಮ್ಮ ಬಂಡೀಪುರದ ಕಲ್ಕೆರೆಯಲ್ಲಿ 2017ರಲ್ಲಿ ಅರಣ್ಯ ರಕ್ಷಕರೊಬ್ಬರು ಬೆಂಕಿಗೆ ಸಿಕ್ಕಿ ತೀರಿಹೋದರು. ರಕ್ಷಕರಿಗೆ ಇಲಾಖೆಯ ನೌಕರಿ ಇರುತ್ತದೆ, ಸೇವಾ ಪುಸ್ತಕ ಇರುತ್ತದೆ, ಹಿಂದೆ ಉಳಿದವರಿಗೆ ಕೇಳಲು ಒಂದು ಬಾಗಿಲಾದರೂ ಇರುತ್ತದೆ. ಅವರ ಪಕ್ಕದಲ್ಲೇ ಅದೇ ಸೊಪ್ಪು ಹಿಡಿದು ನಿಂತ ಕೂಲಿಗೆ ಏನಿರುತ್ತದೆ? ಮಸ್ಟರ್ ರೋಲಿನಲ್ಲಿ, ಅಂದರೆ ಕೂಲಿಯವರ ಹಾಜರಿ ಪಟ್ಟಿಯಲ್ಲಿ, ಒಂದು ಸಾಲು. ಬೆಂಕಿ ಮಾತ್ರ ಇಬ್ಬರನ್ನೂ ಒಂದೇ ಥರ ನೋಡುತ್ತದೆ.

ಈ ಮಸ್ಟರ್ ರೋಲಿನ ಕತೆ ನನಗೆ ಸರಿಯಾಗಿ ಗೊತ್ತಾದದ್ದು ಕಾಸ್‌ನಲ್ಲಿ ಅಲ್ಲ. ಪುಣೆ ಸುತ್ತಲಿನ ಇನ್ನೊಂದು ಬೆಟ್ಟ, ಹೆಸರು ಹೇಳಲ್ಲ, ಹೇಳಿದರೆ ಒಬ್ಬರ ಕೂಲಿಗೆ ಕುತ್ತು ಬರಬಹುದು. ಮಳೆಗಾಲದಲ್ಲಿ ಚಾರಣಕ್ಕೆ ಹೋದಾಗ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದ ಹೆಂಗಸು ನಮ್ಮ ಮಾತು ಕೇಳಿ "ನೀವು ಕನ್ನಡದವ್ರೇನ್ರಿ ಅಣ್ಣಾರ?" ಅಂದರು. ಇಂಡಿ ತಾಲೂಕಿನವರು. ರಸ್ತೆ ಕೆಲಸಕ್ಕೆ ಅಂತ ಬಂದು, ಬೆಟ್ಟದ ಕೆಳಗಿನ ಹಳ್ಳಿಯಲ್ಲೇ ಹದಿನೈದು ವರ್ಷದಿಂದ ಇದ್ದಾರೆ. ಆಮೇಲೆ ಎರಡು ಮೂರು ಸಲ ಹೋದೆ, ಪರಿಚಯ ಆಯಿತು. ಒಂದು ದಿನ ಒಂದು ಶಾಲೆಯ ನೋಟ್‌ಬುಕ್ ತಂದು ಕೈಗಿಟ್ಟರು. ಒಳಗೆ ಪೂರ್ತಿ ಕನ್ನಡ, ಏಳನೇ ಕ್ಲಾಸಿನ ಗುಂಡು ಅಕ್ಷರ. "ಲೆಕ್ಕಾ ಕೂಡಸ್ರಿ ಅಣ್ಣಾರ, ನಂಗ ತಪ್ಪತದ."

ಒಂದು ವರ್ಷದ ಹಾಜರಿ ಅದು. ಮಳೆಗಾಲದ ವಾರಾಂತ್ಯ, ರಜೆಗಳಲ್ಲಿ ಗೇಟಿನ ಕೆಲಸ 61 ದಿನ, ದುಡ್ಡು ಕೊಟ್ಟದ್ದು ಹಳ್ಳಿಯ ಸಮಿತಿ. ನರ್ಸರಿಯಲ್ಲಿ ಮಣ್ಣು ತುಂಬುವುದು, ಗುಂಡಿ ತೆಗೆದು ಗಿಡ ನೆಡುವುದು 78 ದಿನ, ಕೊಟ್ಟದ್ದು ಒಬ್ಬ ಗುತ್ತಿಗೆದಾರ. ಬೆಂಕಿ ರೇಖೆ ಮತ್ತು ಬೇಸಿಗೆ ಕಾವಲು 107 ದಿನ, ಕೊಟ್ಟದ್ದು ಇಲಾಖೆ. ಕೂಡಿಸಿದೆ. 246.

ಕಾರ್ಮಿಕ ಕಾನೂನು ಬಲ್ಲವರಿಗೆ ಈ ಸಂಖ್ಯೆ ಕಂಡರೆ ಕಿವಿ ನೆಟ್ಟಗಾಗುತ್ತದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಿಂದ ಬಂದ ಒಂದು ಲೆಕ್ಕ ಇದೆ. 12 ತಿಂಗಳಲ್ಲಿ 240 ದಿನ ಒಬ್ಬ ಮಾಲೀಕನ ಕೈಕೆಳಗೆ ದುಡಿದರೆ ಒಂದು ವರ್ಷದ ಸತತ ಸೇವೆ ಅಂತ ಅರ್ಥ. ಆಮೇಲೆ ಸುಮ್ನೆ ನಾಳೆಯಿಂದ ಬರಬೇಡ ಅನ್ನಲಾಗಲ್ಲ, ನೋಟಿಸು ಕೊಡಬೇಕು, ಪರಿಹಾರ ಕೊಡಬೇಕು. ಅದಕ್ಕೇ 240 ಹತ್ತಿರ ಬಂದ ಕೂಡಲೇ ನಾಲ್ಕು ದಿನ ಬ್ರೇಕ್ ಕೊಡುವ ಚಾಳಿ ಎಲ್ಲೆಲ್ಲೂ ಇದೆ. ನಮ್ಮ ಅಕ್ಕನ ವಿಷಯದಲ್ಲಿ ಬ್ರೇಕೂ ಬೇಕಾಗಿಲ್ಲ. ಒಂದೇ ಬೆಟ್ಟ, ಒಂದೇ ಹೆಂಗಸು, ಮೂರು ಮಸ್ಟರು. ಯಾವ ಒಂದರಲ್ಲೂ 240ರ ಅರ್ಧವೂ ಇಲ್ಲ. ಯಾರೂ ಮೋಸ ಮಾಡಬೇಕು ಅಂತ ಕೂತು ಲೆಕ್ಕ ಹಾಕಿದ್ದಲ್ಲ, ದುಡ್ಡು ಮೂರು ಚೀಲದಿಂದ ಬರುವುದರಿಂದ ತಾನಾಗಿಯೇ ಹೀಗಾಗಿದೆ. ಅದೇ ಹೆಚ್ಚು ಕೆಟ್ಟದ್ದು ಅನ್ನಿಸುತ್ತದೆ ನನಗೆ. ಬೈಯಲು ಒಬ್ಬ ಮನುಷ್ಯನಾದರೂ ಸಿಗಲ್ಲ.

ಹಾಗಂತ ಕೋರ್ಟು ಈ ಮಾತು ಕೇಳಿಯೇ ಇಲ್ಲ ಅಂತಲ್ಲ. ಕೇಳಿದೆ, ಅದೂ ನಮ್ಮ ಪುಣೆಯ ಬೆಟ್ಟದ ಬಗ್ಗೆಯೇ. ಬೆಳಿಗ್ಗೆ ತಳಜಾಯಿಗೆ ವಾಕಿಂಗ್ ಹೋಗುವ ಕನ್ನಡದವರು ಎಷ್ಟೋ ಮಂದಿ ಇದ್ದೀರಿ, ಆ ಪಾಚಗಾವ್-ಪರ್ವತಿ ಕಾಡು ತಾನಾಗಿ ಬೆಳೆದದ್ದಲ್ಲ. 1970ರ ದಶಕದಿಂದ ಅರಣ್ಯ ಇಲಾಖೆ ಊರಿನ ಜನರಿಗೋಸ್ಕರ ಬೋಳು ಗುಡ್ಡದಲ್ಲಿ ಗಿಡ ನೆಡಿಸಿ ಬೆಳೆಸಿದ್ದು. ನೆಟ್ಟ ಕೂಲಿಗಳನ್ನು ವರ್ಷಗಟ್ಟಲೆ ತಾತ್ಕಾಲಿಕ ಅಂತಲೇ ಇಟ್ಟುಕೊಂಡಿದ್ದರು. ಅವರು ಕೋರ್ಟಿಗೆ ಹೋದರು. 1995ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಸರ್ಕಾರ ಹೇಳಿದ್ದು, ಕಾಡು ಬೆಳೆಸುವುದು ರಾಜ್ಯದ ಸಾರ್ವಭೌಮ ಕೆಲಸ, ಇದು ಉದ್ಯಮ ಅಲ್ಲ, ಕಾರ್ಮಿಕ ಕಾನೂನು ಇಲ್ಲಿ ತಾಗುವುದಿಲ್ಲ ಅಂತ. ಕೋರ್ಟು ಒಪ್ಪಲಿಲ್ಲ. ಕಾಯಂ ಮಾಡದೆ ತಪ್ಪಿಸಿಕೊಳ್ಳಲು ವರ್ಷಗಟ್ಟಲೆ ಬದಲಿ, ತಾತ್ಕಾಲಿಕ ಅಂತ ಇಟ್ಟುಕೊಳ್ಳುವುದು ಮಹಾರಾಷ್ಟ್ರದ 1971ರ ಕಾಯ್ದೆಯ ಪ್ರಕಾರ ಅನ್ಯಾಯದ ನಡವಳಿಕೆ ಅಂದಿತು. ಮರು ತಿಂಗಳು, 1996ರ ಜನವರಿಯಲ್ಲಿ, 5 ವರ್ಷ ಕಾಲ ವರ್ಷಕ್ಕೆ 240 ದಿನ ದುಡಿದ ಅರಣ್ಯ ಕೂಲಿಗಳನ್ನು ಕಾಯಂ ಮಾಡುವ ಆದೇಶವನ್ನೂ ರಾಜ್ಯ ಸರ್ಕಾರ ಹೊರಡಿಸಿತು. ತಳಜಾಯಿಯ ನೆರಳಲ್ಲಿ ಕೂತು ಕಡಲೆ ತಿನ್ನುವಾಗ ಇದನ್ನು ಒಮ್ಮೆ ನೆನೆಸಿಕೊಳ್ಳಬಹುದು.

ಆಮೇಲೆ ಗಾಳಿ ತಿರುಗಿತು, ತಿರುಗಿಸಿದ ಕೇಸು ಕರ್ನಾಟಕದ್ದು. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಪ್ರಕರಣದಲ್ಲಿ, ಉಮಾದೇವಿ ತೀರ್ಪು ಅಂತ ಹೆಸರಾದದ್ದು, 2006ರ ಏಪ್ರಿಲ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು: ನೇಮಕಾತಿಯ ಸರಿದಾರಿಯಲ್ಲಿ ಬಾರದವರು ಎಷ್ಟು ವರ್ಷ ದುಡಿದರೂ ಕಾಯಂ ಆಗುವ ಹಕ್ಕು ಬರುವುದಿಲ್ಲ. ಹಿಂಬಾಗಿಲ ನೇಮಕಾತಿ ತಡೆಯಲು ಅಂತ ಬಂದ ತೀರ್ಪು. ಅದನ್ನೇ ದೇಶದ ಎಲ್ಲ ಕಚೇರಿಗಳೂ ಗುರಾಣಿ ಮಾಡಿಕೊಂಡವು. 2009ರಲ್ಲಿ ಮಹಾರಾಷ್ಟ್ರದ ಸಾರಿಗೆ ನೌಕರರ ಕೇಸಿನಲ್ಲಿ, ಅನ್ಯಾಯದ ನಡವಳಿಕೆ ಸಾಬೀತಾದರೆ ಕಾಯಂ ಮಾಡಿ ಅನ್ನುವ ಅಧಿಕಾರ ಕೈಗಾರಿಕಾ ನ್ಯಾಯಾಲಯಕ್ಕೆ ಇದ್ದೇ ಇದೆ ಅಂತ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿತು. 2024ರ ಡಿಸೆಂಬರಿನಲ್ಲಿ ಇನ್ನೊಂದು ಕೇಸಿನಲ್ಲಿ, ಉಮಾದೇವಿ ತೀರ್ಪನ್ನು ದುಡಿಯುವವರ ವಿರುದ್ಧ ಆಯುಧ ಮಾಡಿಕೊಳ್ಳಬೇಡಿ ಅನ್ನುವ ಧಾಟಿಯಲ್ಲಿ ಮಾತಾಡಿತು. ಒಳ್ಳೆಯದು. ಆದರೆ ನೋಟ್‌ಬುಕ್ಕಿನ ಅಕ್ಕನಿಗೆ ಇದರಿಂದ ಏನೂ ಆಗಲ್ಲ. ಅವರ ಮೊದಲ ಪ್ರಶ್ನೆಯೇ ಬೇರೆ, ಮಾಲೀಕ ಯಾರು ಅನ್ನುವುದು.

ಹೊರದೇಶದಲ್ಲಿ ಇದೆಲ್ಲ ಸರಿ ಇದೆ ಅಂದುಕೊಳ್ಳಬೇಡಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಬೇಸಿಗೆಗೆ ಸಾವಿರಾರು ಸೀಸನಲ್ ಸಿಬ್ಬಂದಿ ಬರುತ್ತಾರೆ. ಅವರಿಗೂ ಒಂದು ಗಡಿ, ವರ್ಷಕ್ಕೆ 1039 ಗಂಟೆ. 2080 ಗಂಟೆ ಪೂರ್ತಿ ವರ್ಷದ ಕೆಲಸ, ಅದರ ಅರ್ಧಕ್ಕೆ ಒಂದೇ ಗಂಟೆ ಕಮ್ಮಿ! ನಮ್ಮ 240ರ ಅಣ್ಣನೋ ತಮ್ಮನೋ. 2025ರ ಆರಂಭದಲ್ಲಿ ಹೊಸ ಸರ್ಕಾರ ಬಂದ ಕೂಡಲೇ ಸೀಸನಲ್ ಕೆಲಸಕ್ಕೆ ಕರೆದವರಿಗೆ ಬೇಡ ಅಂತ ಪತ್ರ ಹೋಯಿತು, ಹೊಸದಾಗಿ ಸೇರಿದ್ದ ಸುಮಾರು 1000 ಮಂದಿಯನ್ನು ತೆಗೆದರು, ಗಲಾಟೆ ಆದ ಮೇಲೆ 7700 ಸೀಸನಲ್ ಜನರನ್ನು ತೆಗೆದುಕೊಳ್ಳಬಹುದು ಅಂದರು. ಅಂದರೆ ಇದು ಬಡತನದ ಸಮಸ್ಯೆ ಅಂತ ಕೈ ತೊಳೆದುಕೊಳ್ಳಲಾಗಲ್ಲ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಎಲ್ಲರನ್ನೂ ಕಾಯಂ ಮಾಡಿ ಅನ್ನುವುದು ಹೇಳಲು ಸುಲಭ. ಕಾಸ್ ಸುತ್ತಲಿನವರನ್ನೇ ನೋಡಿ, ಜುಲೈನಲ್ಲಿ ಭತ್ತದ ನಾಟಿ, ರಾಗಿ ನಾಟಿ, ದೀಪಾವಳಿ ಹೊತ್ತಿಗೆ ಕೊಯ್ಲು. ಹೊಲ ಇರುವವರಿಗೆ ಹನ್ನೆರಡು ತಿಂಗಳ ನೌಕರಿ ಬೇಕು ಅಂತಲೇ ಇಲ್ಲ. ಅವರು ಕೇಳುವುದು ಮುಂದಿನ ಹಂಗಾಮಿಗೆ ನನ್ನನ್ನೇ ಕರೆಯುತ್ತೀರಾ ಅಂತ. ನಡುವೆ ಕಾಲು ಮುರಿದರೆ, ಹಾವು ಕಚ್ಚಿದರೆ ನೋಡುವವರು ಯಾರು ಅಂತ. ಇದಕ್ಕೆ ಉತ್ತರ ಹುಡುಕಲು ಎಲ್ಲಿಗೂ ಹೋಗಬೇಕಾಗಿಲ್ಲ. ಕಬ್ಬಿನ ನಾಡಿನವರಿಗೆ ಗೊತ್ತೇ ಇದೆ.

ಸಕ್ಕರೆ ಕಾರ್ಖಾನೆ ವರ್ಷವಿಡೀ ನಡೆಯಲ್ಲ. ಕಬ್ಬು ಅರೆಯುವ ಹಂಗಾಮು ಮುಗಿದರೆ ಯಂತ್ರ ನಿಂತಿತು. ಆದರೆ ಕಾರ್ಖಾನೆಯ ಸೀಸನಲ್ ನೌಕರ ಹಂಗಾಮಿ ಅಲ್ಲ. ಬಿಡುವಿನ ತಿಂಗಳುಗಳಲ್ಲಿ ಅವನಿಗೆ ಸಂಬಳದ ಒಂದು ಪಾಲು ರಿಟೆನ್ಷನ್ ಭತ್ಯೆ ಅಂತ ಸಿಗುತ್ತದೆ, ಮುಂದಿನ ಹಂಗಾಮಿಗೆ ಅವನನ್ನೇ ಕರೆಯುತ್ತಾರೆ. ಕಾರಣ ದಯೆ ಅಲ್ಲ. ಆ ಬಾಯ್ಲರು, ಆ ಪ್ಯಾನು ನೋಡಿಕೊಳ್ಳುವ ಕೈ ಬೇರೆ ಕಡೆ ಹೋದರೆ ಕಾರ್ಖಾನೆಗೇ ನಷ್ಟ. ಗ್ರಾಚ್ಯುಟಿ ಕಾನೂನಿನಲ್ಲೂ ಹಂಗಾಮಿನ ಉದ್ಯಮಗಳಿಗೆ ಅಂತಲೇ ಒಂದು ಸಾಲಿದೆ, ಪ್ರತಿ ಹಂಗಾಮಿಗೆ 7 ದಿನದ ಸಂಬಳ. (ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರಿಗೆ ಇದ್ಯಾವುದೂ ಇಲ್ಲ, ಅದು ಇನ್ನೊಂದು ದೊಡ್ಡ ಕತೆ.) ಬಾಯ್ಲರಿನ ಗುಣ ಬಲ್ಲವನಿಗೆ ಕೊಡುವ ಬೆಲೆಯನ್ನು, ಯಾವ ಬಂಡೆಯ ಹಿಂದೆ ಮೊದಲು ಬೆಂಕಿ ಬೀಳುತ್ತದೆ ಅಂತ ಬಲ್ಲವಳಿಗೆ ಯಾಕೆ ಕೊಡಬಾರದು?

ಇನ್ನು ಮೂರು ಮಸ್ಟರಿನ ಗಂಟು. ಅದನ್ನು ಬಿಚ್ಚುವ ದಾರಿಯೂ ಮಹಾರಾಷ್ಟ್ರದ್ದೇ, ಅದೂ ಸಾತಾರಾದ ಮಕ್ಕಳು ಕಟ್ಟಿದ್ದು. ಮುಂಬೈ ಬಂದರು, ಮಾರುಕಟ್ಟೆಗಳಲ್ಲಿ ತಲೆ ಮೇಲೆ ಮೂಟೆ ಹೊರುವ ಮಾಥಾಡಿಗಳು. ಬೆಳಿಗ್ಗೆ ಒಬ್ಬ ವ್ಯಾಪಾರಿಯ ಮೂಟೆ, ಮಧ್ಯಾಹ್ನ ಇನ್ನೊಬ್ಬನದು, ಸಂಜೆ ಕೆಲಸವೇ ಇಲ್ಲ. ಮಾಲೀಕ ಯಾರು ಅಂದರೆ ಎಲ್ಲರೂ ಇನ್ನೊಬ್ಬನ ಕಡೆ ಕೈ ತೋರಿಸುತ್ತಿದ್ದರು. ಸಾತಾರಾ ಜಿಲ್ಲೆಯ ಪಾಟಣ ತಾಲೂಕಿನ ಅಣ್ಣಾಸಾಹೇಬ್ ಪಾಟೀಲರು ಅವರನ್ನು ಸಂಘಟಿಸಿದರು, 1969ರಲ್ಲಿ ಮಾಥಾಡಿ ಕಾನೂನು ಬಂತು. ಉಪಾಯ ಬಹಳ ಸರಳ. ಮಾಲೀಕ ಯಾರು ಅನ್ನುವ ಜಗಳವನ್ನೇ ಬಿಟ್ಟುಬಿಡೋಣ. ಒಂದು ಮಂಡಳಿ ಮಾಡೋಣ. ಕೆಲಸ ಕೊಟ್ಟ ಪ್ರತಿಯೊಬ್ಬನೂ ಕೂಲಿಯನ್ನೂ ಅದರ ಮೇಲೆ ಇಂತಿಷ್ಟು ಲೆವಿಯನ್ನೂ ಮಂಡಳಿಗೆ ಕಟ್ಟಲಿ. ಕೂಲಿ, ಪಿಎಫ್, ಬೋನಸ್, ರಜೆಯ ಸಂಬಳ, ಎಲ್ಲ ಮಂಡಳಿಯಿಂದ. ಪುಣೆ ಮಾರ್ಕೆಟ್ ಯಾರ್ಡಿನಲ್ಲಿ ಬಾಬಾ ಆಢಾವರು ಕಟ್ಟಿದ ಹಮಾಲರ ಸಂಘ, ಹಮಾಲ್ ಪಂಚಾಯತ್, ಇದೇ ದಾರಿಯಲ್ಲಿ ನಡೆದದ್ದು ನಮಗೆ ಗೊತ್ತು. ನಮ್ಮಲ್ಲಿ ಎಷ್ಟೋ ಜನ ಪುಣೆಗೆ ಬಂದ ಹೊಸದರಲ್ಲಿ ಹೊಟ್ಟೆ ತುಂಬಿಸಿಕೊಂಡದ್ದು ಅವರ ಅಗ್ಗದ ಊಟದ ಮನೆ, ಕಷ್ಟಾಚಿ ಭಾಕರ್‌ನಲ್ಲೇ.

ಬೆಟ್ಟಕ್ಕೂ ಇಂಥದ್ದೊಂದು ಯಾಕಿಲ್ಲ? ಸಮಿತಿ, ಗುತ್ತಿಗೆದಾರ, ಇಲಾಖೆ, ಮೂವರೂ ಒಂದೇ ಕಡೆ ಹಾಜರಿ ಬರೆಸಲಿ, ಒಂದೇ ಕಡೆ ಲೆವಿ ಕಟ್ಟಲಿ. ದಿನಗಳು ಒಂದೇ ಪುಸ್ತಕದಲ್ಲಿ ಕೂಡುತ್ತಾ ಹೋಗಲಿ. ಆಗ ಜೂನಿನ ಮೊಳಕೆ ಕಾಯುವುದಕ್ಕೂ, ನವೆಂಬರಿನಲ್ಲಿ ಬೀಜ ಉದುರುವಾಗ ದಾರಿ ಮುಚ್ಚುವುದಕ್ಕೂ, ಜನವರಿಯಲ್ಲಿ ಬೆಂಕಿ ರೇಖೆಗೂ ಅದೇ ಜನರನ್ನು ಕರೆಯಬಹುದು. ಹೊಸ ನೇಮಕಾತಿ ಇಲ್ಲ, ಉಮಾದೇವಿ ಅಡ್ಡ ಬರಲ್ಲ.

ದುಡ್ಡು? ಹೂವಿನ ಟಿಕೆಟಿನಿಂದಲೇ ಇಷ್ಟೆಲ್ಲ ಆಗಲ್ಲ, ಅದು ನನಗೂ ಗೊತ್ತು. ಮಳೆ ಜಾಸ್ತಿ ಬಂದು ಹೂವು ತಡವಾದ ವರ್ಷ ಟಿಕೆಟಿನ ಆದಾಯವೇ ಕುಸಿಯುತ್ತದೆ. ಆದರೆ ಈ ಬೆಟ್ಟಗಳಿಂದ ಲಾಭ ಪಡೆಯುವವರು ಟಿಕೆಟ್ ತೆಗೆದುಕೊಂಡವರು ಮಾತ್ರ ಅಲ್ಲವಲ್ಲ. ಕಾಸ್ ಕೆರೆಯ ನೀರು ಸಾತಾರಾ ಊರಿಗೆ ಹೋಗುತ್ತದೆ. ಕಾಸ್ ಬಳಿ ಹುಟ್ಟುವ ಉರಮೋಡಿ ಹೊಳೆ ಕೃಷ್ಣೆಗೆ ಸೇರಿ ಆಲಮಟ್ಟಿಗೆ ಬರುತ್ತದೆ. ಪುಣೆ ಮೇಲಿನ ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಇಂಡಿ, ಅಫಜಲಪುರದ ಹೊಲಗಳನ್ನು ಮುಟ್ಟಿ ಹೋಗುತ್ತದೆ. ನೋಟ್‌ಬುಕ್ಕಿನ ಅಕ್ಕ ಕಾಯುತ್ತಿರುವುದು ಒಂದು ಲೆಕ್ಕದಲ್ಲಿ ತಮ್ಮ ತವರಿನ ನೀರನ್ನೇ. ಪುಣೆಯಲ್ಲಿ ಹುಟ್ಟಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದ ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ಕೊಟ್ಟ ಪಶ್ಚಿಮ ಘಟ್ಟ ವರದಿಯಲ್ಲಿ, ಕಾಡು, ಮಣ್ಣು ಉಳಿಸುವ ಅಲ್ಲಿಯ ಜನರಿಗೆ ಸಂರಕ್ಷಣೆಯ ಸೇವೆಗೆ ಅಂತಲೇ ಹಣ ಕೊಡಬೇಕು ಅನ್ನುವ ಮಾತಿತ್ತು. ವರದಿಯ ಬಗ್ಗೆ ಎರಡೂ ಕಡೆಯವರು ಗಂಟಲು ಹರಿಯುವಷ್ಟು ಕೂಗಾಡಿದರು. ಏನೇನು ನಿಷೇಧ ಆಗುತ್ತದೆ ಅನ್ನುವ ಗಲಾಟೆಯಲ್ಲಿ, ಕಾಯುವವರಿಗೆ ಏನು ಕೊಡಬೇಕು ಅನ್ನುವ ಪುಟವನ್ನು ಯಾರೂ ತೆರೆಯಲಿಲ್ಲ.

ಮೊನ್ನೆ ಫೆಬ್ರವರಿಯಲ್ಲಿ ಕಾಕೂ ಫೋನ್ ಮಾಡಿದ್ದರು. ಊರಿಂದ ತಂಗಿ ಬಂದಿದ್ದಾಳೆ, ಆಕೆಗೂ ಕಾಸ್ ತೋರಿಸಬೇಕು, ಗಾಡಿ ಮಾಡು ಅಂದರು. ಈಗ ಹೋಗಿ ಏನು ಮಾಡುತ್ತೀರಿ ಕಾಕೂ, ಬರೀ ಒಣ ಹುಲ್ಲು, ಒಂದು ಹೂವೂ ಇಲ್ಲ ಅಂದೆ.

"ಹೂವು ಇಲ್ಲದಿದ್ರ ಬ್ಯಾಡ ಬಿಡು. ಆ ಹುಡುಗಿ ಇರ್ತಾಳಲ್ಲ, ಆಕಿ ಮಾತಾದ್ರೂ ಕೇಳಲಿ."

ಅವಳೂ ಇರಲ್ಲ ಕಾಕೂ, ಈಗ ಸೀಸನ್ ಅಲ್ಲ ಅಂದೆ.